ತಮ್ಮನ ಸಿಟ್ಟು, ನನ್ನ ಮೆದು ಬಾಯಿ, ಒಂದೇ ಒಲೆ

ನಮ್ಮ ಮನೆ ಹಿಸೆಯಾಗುವ ಹಂತಕ್ಕೆ ಬಂದಿತ್ತು. ಒಬ್ಬೊಬ್ಬರ ಗುಣ, ದೋಷ ನೋಡಿ ಕೆಲಸ ಹಂಚಿಕೊಂಡೆವು. ಐದು ವರ್ಷ ಆಯಿತು, ಇನ್ನೂ ಒಂದೇ ಒಲೆ. "ಇದು ಮನೆ ಮುರಿಯೋ ಕೆಲಸ" ಎಂದು ಅವತ್ತು ನಕ್ಕಿದ್ದ ಭಾವನೇ ಮೊನ್ನೆ ಫೋನ್ ಮಾಡಿ, "ಅದು ಹೇಗೆ ಮಾಡಿದೆ, ಸ್ವಲ್ಪ ಹೇಳು" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿ ಕಡೆ ಎರಡೂವರೆ ಎಕರೆ ಅಡಿಕೆ ತೋಟ ನಮ್ಮದು. ಅಪ್ಪಯ್ಯ ಹೋದ ಮೇಲೆ ಹಿರಿಯವನು ಅಂತ ಎಲ್ಲ ನನ್ನ ತಲೆಗೇ ಬಂತು. ಮದ್ದು ಹೊಡೆಸೋದು, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರನ್ನು ಹಿಡಿಯೋದು, ದುಡ್ಡು ಕಾಸು. ಮೊದಲು ಹುಟ್ಟಿದವನಿಗೆ ಎಲ್ಲ ಬರುತ್ತದೆ ಅಂತ ಯಾರು ಹೇಳಿದರೋ!

2019ರ ಮಳೆ ನೆನಪಿದೆಯಲ್ಲ? ಆ ವರ್ಷ ಬೋರ್ಡೋ, ಅಂದರೆ ಅಡಿಕೆಗೆ ಕೊಳೆ ರೋಗ ಬರದಂತೆ ಹೊಡೆಯುವ ಮೈಲುತುತ್ತ-ಸುಣ್ಣದ ಮದ್ದು, ಕಲಸಿದವನು ನಾನೇ. ಮೈಲುತುತ್ತ ತೂಗಿದ್ದೆ, ಸುಣ್ಣ ಮಾತ್ರ ಅಂದಾಜಿನಲ್ಲಿ ಹಾಕಿದೆ. ಕತ್ತಿ ಅದ್ದಿ ನೋಡಲೂ ಇಲ್ಲ (ಸುಣ್ಣ ಕಮ್ಮಿಯಾದರೆ ಅಲಗು ಕೆಂಪಾಗುತ್ತದೆ). ಎರಡನೇ ಸಲ ಹೊಡೆಯೋಣ ಅಂದರೆ ಮಳೆ ಬಿಡಲಿಲ್ಲ. 22 ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ಆಗುವ ತೋಟದಲ್ಲಿ ಸುಮಾರು 14 ಆಯಿತು. ಅದೇ ವರ್ಷ ಕೊನೆಗಾರನಿಗೆ 25 ಸಾವಿರ ಮುಂಗಡ ಕೊಟ್ಟಿದ್ದೆ, ಅವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬನನ್ನು ಹುಡುಕಿ ತಂದರೆ ತಮ್ಮ ಮೂರನೇ ದಿನಕ್ಕೇ ಬೈದು ಓಡಿಸಿದ. ಊರಲ್ಲಿ ನಾನು ಕೊಟ್ಟ ಕೈಸಾಲ ಬೇರೆ ಒಂದು 60-70 ಸಾವಿರ ಇತ್ತು. ಇವತ್ತಿಗೂ ಬಂದಿಲ್ಲ.

ಆಗ ಹೊಳೆದದ್ದು, ಯಾರಿಗೆ ಏನು ಬರುತ್ತದೆ, ಏನು ಬರಲ್ಲ ಅಂತ ಬರೆದು ಕೆಲಸ ಹಂಚೋಣ ಅಂತ. ಮೊದಲು ಅವರವರದ್ದು ಅವರವರೇ ಬರೆಯಲಿ ಅಂದೆ. ಹಳೇ ಕ್ಯಾಲೆಂಡರ್ ಹಾಳೆ ಕೊಟ್ಟೆ. ಎಲ್ಲರೂ ತಮ್ಮನ್ನು ಹೊಗಳಿಕೊಂಡರು. ನಾನು ನನ್ನ ದೋಷದ ಕೆಳಗೆ "ಒಳ್ಳೆಯತನ ಜಾಸ್ತಿ" ಎಂದು ಬರೆದಿದ್ದೆ. ಹೆಂಡತಿ ಅದನ್ನು ಈಗಲೂ ಹೇಳಿ ನಗುತ್ತಾಳೆ.

ಎರಡನೇ ಸಲ ಒಬ್ಬರ ದೋಷ ಇನ್ನೊಬ್ಬರು ಬರೆಯಲಿ ಅಂದೆ. ಅದು ದೊಡ್ಡ ತಪ್ಪು. ಇಬ್ಬರು ಹೆಂಗಸರು ಎರಡು ವಾರ ಮಾತು ಬಿಟ್ಟರು, ಕಾಫಿ ಕೂಡ ಬೇರೆ ಬೇರೆ ಆಯಿತು. ಆಯಿ, ಅಂದರೆ ನಮ್ಮಮ್ಮ, ನನ್ನನ್ನೇ ಬೈದಳು.

ಕೊನೆಗೆ ಕೆಲಸ ಮಾಡಿದ್ದು ಚಾಲಿ ಸುಲಿಯುವ ಹೊತ್ತು. ಜಗುಲಿಯಲ್ಲಿ ಎಲ್ಲರೂ ಕೂತಿರುತ್ತೇವೆ, ಕಣ್ಣು ಅಡಿಕೆ ಮೇಲೆ. ಮುಖ ನೋಡಿ ಹೇಳಲಾಗದ ಮಾತು ಆಗ ಸಲೀಸಾಗಿ ಬರುತ್ತದೆ. ಆದರೆ ಗುಣದ ಹೆಸರು ಹೇಳುವ ಹಾಗಿಲ್ಲ, ನಡೆದದ್ದನ್ನು ಮಾತ್ರ ಹೇಳಬೇಕು. "ನೀನು ಸಿಡುಕ" ಅನ್ನಬಾರದು, "ಆ ಸೋಮವಾರ ಕೊನೆಗಾರನಿಗೆ ಹೀಗೆ ಅಂದೆ" ಅನ್ನಬೇಕು. ಅವನು ಚೆನ್ನಾಗಿ ಮಾಡಿದ ಒಂದನ್ನು ಮೊದಲು ಹೇಳಿರಬೇಕು. ತಮ್ಮನನ್ನು ಅಲ್ಲಿ ತಂದು ಕೂರಿಸಿದ್ದು ಹೇಗೆ ಅಂತ ಮಾತ್ರ ಬರೆಯಲ್ಲ. ಅವನೂ ಇದನ್ನು ಓದುತ್ತಾನೆ.

ಆ ಸುಗ್ಗಿ ಮುಗಿಯುವಷ್ಟರಲ್ಲಿ ಕೆಲಸ ಅದಲು ಬದಲಾಯಿತು. ಯಾರ ದೋಷವನ್ನೂ ತಿದ್ದಲು ಹೋಗಲಿಲ್ಲ. 45 ದಾಟಿದ ಗಂಡಸಿನ ಸಿಟ್ಟು ಇಳಿಸೋದು ನನ್ನಿಂದಾಗುವ ಕೆಲಸವೂ ಅಲ್ಲ. ಯಾರನ್ನೂ ನಂಬದ ತಮ್ಮನಿಗೆ ತೂಕ, ಅಳತೆ, ಮದ್ದು ಕೊಟ್ಟೆವು. ಆಳುಗಳ ಹತ್ತಿರ ಮಾತು ನನ್ನದು. ದುಡ್ಡಿನ ಬೀಗದ ಕೈ ತಮ್ಮನ ಹೆಂಡತಿಗೆ. ಅವಳು ಮುಖಕ್ಕೆ ಹೊಡೆದ ಹಾಗೆ "ಇಲ್ಲ" ಅನ್ನುತ್ತಾಳೆ, ಮನೆಯಲ್ಲಿ ಎಲ್ಲರಿಗೂ ಅದೇ ಬೇಜಾರಾಗಿತ್ತು. ಈಗ ಸಾಲ ಕೇಳಲು ಬಂದವರಿಗೆ "ಅವಳನ್ನೇ ಕೇಳು ಮಾರಾಯ" ಅಂತೇನೆ. ಚಹಾ ಕುಡಿದು ಎದ್ದು ಹೋಗುತ್ತಾರೆ.

ಮಗನ ಮೇಲೂ ಒಂದು ಪ್ರಯೋಗ ಮಾಡಿದೆ. ಸದಾ ಮೊಬೈಲ್ ಹಿಡಿದಿರುತ್ತಾನಲ್ಲ, ಕಾಳುಮೆಣಸಿನ ದರ ಅವನೇ ನೋಡಲಿ ಅಂತ ಬಿಟ್ಟೆ. ದರ ನೋಡಿದ್ದು ಸರಿ, ಆದರೆ ತಡೆಯಲಾರದೆ ತಿಂಗಳು ಮೊದಲೇ ಮಾರಿದ. ಹತ್ತು ಹನ್ನೆರಡು ಸಾವಿರ ಹೋಯಿತು. ಈಗ ದರ ನೋಡುವುದು ಅವನು, ಮಾರುವ ದಿನ ಹೇಳುವುದು ಆಯಿ. ಆಯಿ ನಿನ್ನೆಯದನ್ನು ಮರೆಯುತ್ತಾಳೆ, ಆದರೆ ಕಾಯೋದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಹೆಂಡತಿಯ ದೋಷದ ಜಾಗ ಮಾತ್ರ ಇನ್ನೂ ಖಾಲಿ ಇದೆ. ಯಾರೂ ಬಾಯಿ ಬಿಡುತ್ತಿಲ್ಲ.

ಫಸಲು ಮರುವರ್ಷವೇ 20ಕ್ಕೆ ಬಂತು, ಆಮೇಲೆ ಅದಕ್ಕಿಂತ ಕೆಳಗೆ ಇಳಿದಿಲ್ಲ. ಈ ಸಲದ ಮೊದಲ ಮದ್ದಿನ ದಿನ ತಮ್ಮ ಒಂದೊಂದು ಡ್ರಮ್ಮಿಗೂ ಕತ್ತಿ ಅದ್ದಿದ, ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಮೂರನೆಯದರಲ್ಲಿ ಅಲಗಿನ ತುದಿ ಸ್ವಲ್ಪ ಕೆಂಪಾಗಿತ್ತು. ನನ್ನ ಕಣ್ಣಿಗೆ ಕಾಣಲೇ ಇಲ್ಲ.

"ಅಣ್ಣ, ಇನ್ನೂ ಸ್ವಲ್ಪ ಸುಣ್ಣ ಬೇಕು" ಅಂದ.

ತರಲು ಹೋದೆ.