ಬೋರ್ ನೀರಿನಲ್ಲೂ ಮೆತ್ತಗಾಗುವ ಹಮ್ಮಸ್

ನಮ್ಮ ಮಕ್ಕಳಿಗೆ ಹಮ್ಮಸ್ ಅಂದ್ರೆ ಪ್ರಾಣ. ಬೆಂದ ಕಾಬೂಲಿ ಕಡಲೆಯನ್ನು ಎಳ್ಳಿನ ಜೊತೆ ನುಣ್ಣಗೆ ರುಬ್ಬಿ, ರೊಟ್ಟಿ ಅದ್ದಿಕೊಂಡು ತಿನ್ನುವ ತಿನಿಸು. ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಕಡೆಯ ಮಂದಿಗೆ ಇದು ದಿನದ ಊಟ. ನಮ್ಮ ಹುಬ್ಬಳ್ಳಿಯಲ್ಲಿ ಮಾತ್ರ ದುಬಾರಿ ಡಬ್ಬಿ. 200 ಗ್ರಾಂ ಡಬ್ಬಿಗೆ ಕೊಡುವ ದುಡ್ಡಿಗೆ ಹೆಚ್ಚುಕಡಿಮೆ ಒಂದು ಕಿಲೋ ಕಾಬೂಲಿ ಕಡಲೆ ಬರುತ್ತದೆ. ಅದು ನೆನೆದು ಬೆಂದರೆ ಎರಡು ಕಿಲೋ ಆಗುತ್ತದೆ. ಹಾಗಾಗಿ ಈಗ ಮನೆಯಲ್ಲೇ ಮಾಡುತ್ತೇನೆ.

ಕಡಲೆ ಮೆತ್ತಗೆ ಬೆಂದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಕಡೆ ತೊಡಕಿರುವುದೂ ಅಲ್ಲೇ. ಮಲಪ್ರಭಾ ನೀರು ದಿನಾ ಬರುವುದಿಲ್ಲ, ನಡುವೆ ಬೋರ್ ನೀರೇ ಗತಿ. ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಕಡಲೆಯ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಎಷ್ಟು ಸೀಟಿ ಹೊಡೆಸಿದರೂ ಮಿಕ್ಸಿಯಲ್ಲಿ ತರಿತರಿ ಉಳಿಯುತ್ತದೆ. ಇದಕ್ಕೆ ಮದ್ದು ಅಡುಗೆ ಸೋಡಾ. 200 ಗ್ರಾಂ ಕಡಲೆಗೆ ಅರ್ಧ ಚಮಚ ಸೋಡಾ ಹಾಕಿ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಕುಡಿಯುವ ನೀರಿನಲ್ಲಿ ಕಾಲು ಚಮಚ ಸೋಡಾ ಜೊತೆ ಕುಕ್ಕರಿಗೆ ಹಾಕುತ್ತೇನೆ. ನೊರೆ ಜಾಸ್ತಿ ಬರುತ್ತದೆ, ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಬೆರಳಲ್ಲಿ ಒತ್ತಿದರೆ ಪೂರ್ತಿ ಕರಗಬೇಕು, ಪಲ್ಯಕ್ಕೆ ಬೇಯಿಸುವ ಹದ ಸಾಲದು. ತೇಲಿದ ಸಿಪ್ಪೆ ತೆಗೆದರೆ ಸಾಕು. ಒಂದೊಂದೇ ಕಾಳು ಸುಲಿಯುತ್ತ ಕೂರುವ ಅಗತ್ಯ ಇಲ್ಲ.

ದುಡ್ಡು ನಿಜವಾಗಿ ಉಳಿಯುವುದು ತಾಹಿನಿಯಲ್ಲಿ, ಅಂದ್ರೆ ಹಮ್ಮಸ್‌ಗೆ ಹಾಕುವ ಎಳ್ಳಿನ ಪೇಸ್ಟಿನಲ್ಲಿ. ಬಾಟಲಿ ತಾಹಿನಿ ಬಹಳ ತುಟ್ಟಿ, ಒಳಗೆ ಇರುವುದು ಬರೀ ಎಳ್ಳು. ದುರ್ಗದ ಬೈಲ್ ಕಡೆ ಹೋದಾಗ ಬಿಳಿ ಎಳ್ಳು ತರುತ್ತೇನೆ. ಮೇಲಿನ ಅಳತೆಗೆ 60 ಗ್ರಾಂ ಸಾಕು. ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟೇ ಹುರಿಯಿರಿ. ಚಟ್ನಿಪುಡಿಗೆ ಹುರಿದಂತೆ ಕೆಂಪಾದರೆ ಕಹಿ ಬರುತ್ತದೆ. ಬಿಸಿ ಇರುವಾಗಲೇ ಸಣ್ಣ ಜಾರಿನಲ್ಲಿ ಎರಡು ಚಮಚ ಎಣ್ಣೆ ಹಾಕಿ, ಬದಿ ಕೆರೆದು ಕೆರೆದು, ಹರಿಯುವಷ್ಟು ನುಣ್ಣಗೆ ರುಬ್ಬಬೇಕು. ಶೇಂಗಾ ಎಣ್ಣೆ ನಡೆಯುತ್ತದೆ. ಎಳ್ಳಿನ ಬದಲು ಶೇಂಗಾ ಹಾಕಬೇಡಿ, ಅದು ಚಟ್ನಿಯೇ ಆಗುತ್ತದೆ.

ಎರಡು ಎಸಳು ಬಳ್ಳೊಳ್ಳಿ ಜಜ್ಜಿ ಒಂದು ಲಿಂಬಿಹಣ್ಣಿನ ರಸದಲ್ಲಿ ಹತ್ತು ನಿಮಿಷ ಬಿಡಿ. ಹುಳಿಗೆ ಅದರ ಘಾಟು ತಗ್ಗುತ್ತದೆ. ಇದನ್ನು ಎಳ್ಳಿಗೆ ಸುರಿದ ಕೂಡಲೇ ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ಹೆದರಬೇಡಿ. ಐಸ್ ನೀರು ಚಮಚ ಚಮಚ ಹಾಕಿ ತಿರುಗಿಸಿದರೆ ಸಡಿಲಾಗಿ, ಬೆಳ್ಳಗೆ ಕೆನೆಯಂತೆ ಆಗುತ್ತದೆ. ಆಮೇಲೆ ಕಡಲೆ, ಉಪ್ಪು, ಚಿಟಿಕೆ ಜೀರಿಗೆ ಪುಡಿ. ಒಂದು ಕಡಲೆಯೂ ನಾಲಿಗೆಗೆ ಸಿಗದಷ್ಟು ರುಬ್ಬಿ.

ಆಲಿವ್ ಎಣ್ಣೆ ಒಳಗೆ ಹಾಕುವುದೇ ಇಲ್ಲ. ನೆಂಟರು ಬಂದಾಗ ಮೇಲೆ ಒಂದು ಚಮಚ, ಅಷ್ಟೇ. ದಿನಕ್ಕೆ ಬ್ಯಾಡಗಿ ಮೆಣಸಿನ ಪುಡಿ ಉದುರಿಸುತ್ತೇನೆ. ಬಣ್ಣ ಕೆಂಪಗೆ ಏರುತ್ತದೆ, ಖಾರ ಹೆಚ್ಚಿಲ್ಲ, ಮಕ್ಕಳಿಗೂ ನಡೆಯುತ್ತದೆ. ಪೀಟಾ ರೊಟ್ಟಿಯ ಖರ್ಚೂ ಇಲ್ಲ. ಕಡಕ್ ಜೋಳದ ರೊಟ್ಟಿ ಮುರಿದು ಅದ್ದಿಕೊಂಡು ತಿಂದರೆ ಬಲು ರುಚಿ. ನಮ್ಮ ಅತ್ತೆಯವರು ಹಾಗೇ ತಿನ್ನುತ್ತಾರೆ, ಪಕ್ಕಕ್ಕೆ ಹಸಿ ಸೌತೆಕಾಯಿ, ಗಜ್ಜರಿ. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಮೂರು ನಾಲ್ಕು ದಿನ ಇರುತ್ತದೆ.

ತಿಂಗಳ ಕೊನೆಗೆ ಕೈ ಬಿಗಿ ಆದಾಗ ಕಡಲೆಬೇಳೆಯಲ್ಲೇ ಮಾಡುತ್ತೇನೆ. ಬಣ್ಣ ಹಳದಿ, ರುಚಿ ತುಸು ಸಿಹಿ, ಕಾಬೂಲಿ ಕಡಲೆಯಷ್ಟು ಮೃದು ಅನಿಸುವುದಿಲ್ಲ. ಆದರೆ ಸಿಪ್ಪೆಯ ಗೋಜಿಲ್ಲ. ನದಿ ನೀರು ಬಂದ ದಿನ ಸೋಡಾ ಇಲ್ಲದೇ ಬೇಯುತ್ತದೆ, ಬಸಿದ ಕಟ್ಟಿನಲ್ಲಿ ಅವತ್ತೇ ಕಟ್ಟಿನ ಸಾರು ಮಾಡಬಹುದು. ಸೋಡಾ ಹಾಕಿದ ನೀರನ್ನು ಮಾತ್ರ ಸಾರಿಗೆ ಬಳಸಬೇಡಿ, ಸಾಬೂನಿನ ರುಚಿ ಬರುತ್ತದೆ.