ಮೊದಲು ಫ್ಲಾಪ್ ಬಾಗಲಿ, ವಿಮಾನ ಆಮೇಲೆ: ನನ್ನ ಅನುಭವ

"ಬ್ಲೆಂಡರ್‌ನಲ್ಲಿ ಕಾಕ್‌ಪಿಟ್ ಮಾಡ್ತೀಯಾ? ಆಟಿಕೆ ಥರ ಆಗುತ್ತೆ ನೋಡು" ಅಂದವರೇ ಈಗ ನನ್ನ ಚಿಪ್‌ಮಂಕ್‌ನ ಫೈಲ್ ಕೇಳುತ್ತಿದ್ದಾರೆ. ಚಿಪ್‌ಮಂಕ್ ಅಂದರೆ ಎರಡು ಸೀಟಿನ ಹಳೆಯ ತರಬೇತಿ ವಿಮಾನ; ಎಕ್ಸ್-ಪ್ಲೇನ್ ಎಂಬ ಫ್ಲೈಟ್ ಸಿಮ್ಯುಲೇಟರ್‌ (ಸಿಮ್) ಒಳಗೆ ಹಾರಿಸಲು ಅದರ ಮಾಡೆಲನ್ನು ಬ್ಲೆಂಡರ್ ಎಂಬ ಪುಕ್ಕಟೆ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದೇನೆ. ಫೈಲ್ ಕೊಡಲ್ಲ, ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ನಾನು ಕೈ ಪಳಗಿಸಿಕೊಂಡದ್ದು ಜಿಮ್ಯಾಕ್ಸ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ. ಪುಕ್ಕಟೆ ಇತ್ತು, 2005ರಲ್ಲಿ ನಿಂತೇ ಹೋಯಿತು. ಆಮೇಲೆ ದೊಡ್ಡವರೆಲ್ಲ ಬಳಸುತ್ತಾರೆ ಅಂತ ಒಂದು ದುಬಾರಿ ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದೆ. ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿಯೇ ಹೋಯಿತು. ವರ್ಷ ಮುಗಿದಾಗ ಕೈಯಲ್ಲಿದ್ದದ್ದು ವಿಮಾನದ ಮೂಗು ಮತ್ತು ಒಂದು ರೆಕ್ಕೆ, ಅಷ್ಟೇ. ಮಾಡೆಲಿಂಗ್ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಆದರೆ ಎಕ್ಸ್-ಪ್ಲೇನ್‌ಗೆ ಸುತ್ತು ದಾರಿಯಲ್ಲಿ ಕಳಿಸಿದರೆ ಆಕಾರ ಮಾತ್ರ ಬರುತ್ತಿತ್ತು, ಅನಿಮೇಷನ್ ಎಲ್ಲೋ ಉದುರಿಹೋಗುತ್ತಿತ್ತು.

ಆಗ ಉಲ್ಟಾ ಯೋಚಿಸಿದೆ. ಮೊದಲು ನೋಡಬೇಕಾದದ್ದು ಎಕ್ಸ್‌ಪೋರ್ಟರ್, ಅಂದರೆ ಮಾಡೆಲನ್ನು ಸಿಮ್‌ಗೆ ಕಳಿಸುವ ಸಲಕರಣೆ; ಮಾಡೆಲಿಂಗ್ ಆಮೇಲೆ ಕಲಿತರಾಯಿತು. ಒಂದು ಹಲಗೆಯಂಥ ರೆಕ್ಕೆ, ಅದಕ್ಕೊಂದು ಫ್ಲಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಬಾಗುವ ಪಟ್ಟಿ), ಎರಡು ಕೀಫ್ರೇಮ್ (ಚಲನೆಯ ಆರಂಭ, ಕೊನೆಯ ಸ್ಥಾನ), ಒಂದು ಡೇಟಾರೆಫ್ (ಲಿವರ್ ಎಲ್ಲಿದೆ ಅಂತ ಮಾಡೆಲ್‌ಗೆ ತಿಳಿಸುವ ಸಿಮ್‌ನ ಮೌಲ್ಯ). ಸಿಮ್‌ನಲ್ಲಿ ಲಿವರ್ ಎಳೆದಾಗ ಫ್ಲಾಪ್ ಬಾಗಿದರೆ ಆ ಸಾಫ್ಟ್‌ವೇರ್ ಪಾಸು. ಮೂರು ಸಾಫ್ಟ್‌ವೇರ್‌ಗೆ ಮೂರು ಸಂಜೆ ಕೊಟ್ಟೆ. ಬ್ಲೆಂಡರ್, ಅದರ ಎಕ್ಸ್‌ಪೋರ್ಟರ್ ಎಕ್ಸ್‌ಪ್ಲೇನ್2ಬ್ಲೆಂಡರ್ ಜೋಡಿ ಗೆದ್ದಿತು.

ಅದೂ ಮೊದಲ ಏಟಿಗಲ್ಲ. ಮೊದಲ ಸಲ ಫ್ಲಾಪ್ ಕೀಲು ಬಿಟ್ಟು ರೆಕ್ಕೆಯಿಂದ ಒಂದು ಮಾರು ದೂರದಲ್ಲಿ ತೇಲುತ್ತಿತ್ತು. ಸ್ಕೇಲ್ ಅಪ್ಲೈ ಮಾಡಿರಲಿಲ್ಲ (ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನು ಪಕ್ಕಾ ಮಾಡಿರಲಿಲ್ಲ), ಇನ್ನೇನು! ಅದು ಸರಿಯಾದ ಮೇಲೂ ಬಾಗುವಾಗ ಒಂದು ತುದಿ ರೆಕ್ಕೆಯೊಳಗೆ ಹೂತುಹೋಗುತ್ತಿತ್ತು. ರೆಕ್ಕೆ ತುದಿಯ ಕಡೆಗೆ ಕಿರಿದಾಗುತ್ತದೆ, ಸ್ವಲ್ಪ ಮೇಲಕ್ಕೂ ಏರುತ್ತದೆ, ಹಾಗಾಗಿ ಕೀಲಿನ ಗೆರೆ ಯಾವ ಅಕ್ಷಕ್ಕೂ ನೇರವಾಗಿರಲ್ಲ ಅಲ್ವಾ? ಆ ಗೆರೆಯ ಮೇಲೆ ಒಂದು ಎಂಪ್ಟಿ (ಆಕಾರವಿಲ್ಲದ ಆಧಾರ ಬಿಂದು) ಇಟ್ಟು, ಗೆರೆಯ ಓರೆಗೇ ತಿರುಗಿಸಿ, ಫ್ಲಾಪನ್ನು ಅದಕ್ಕೆ ಕಟ್ಟಿದೆ. ಬಾಗಿಲು ತೆರೆದ ಹಾಗೆ ಇಳಿಯಿತು.

ಪ್ರೊಪೆಲ್ಲರ್ ವಿಷಯದಲ್ಲಿ ಮರ್ಯಾದೆ ಹೋಯಿತು. ಚಿಪ್‌ಮಂಕ್‌ನ ಜಿಪ್ಸಿ ಮೇಜರ್ ಇಂಜಿನ್ ಪೈಲಟ್ ಸೀಟಿನಿಂದ ನೋಡಿದರೆ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ನಾನು ಪ್ರದಕ್ಷಿಣೆಯಾಗಿ ಸುತ್ತುವ ಸೆಸ್ನಾ ವಿಮಾನಗಳ ಅಭ್ಯಾಸದಲ್ಲಿ ಪ್ಲೇನ್ ಮೇಕರ್‌ನಲ್ಲೂ (ಎಕ್ಸ್-ಪ್ಲೇನ್‌ಗೆ ವಿಮಾನದ ವಿವರ ತುಂಬುವ ಸಲಕರಣೆ) ತಿರುಗಾಮುರುಗಾ ಹಾಕಿದ್ದೆ. ಟೇಕಾಫ್‌ನಲ್ಲಿ ಬಲಕ್ಕೆ ಎಳೆಯಬೇಕಾದ ವಿಮಾನ ಎಡಕ್ಕೆ ಎಳೆಯಿತು. ವಿಡಿಯೊ ನೋಡಿದ ಗೆಳೆಯನೊಬ್ಬ ಎರಡು ದಿನ ನಕ್ಕ. ಸುತ್ತುವ ಪ್ರೊಪೆಲ್ಲರ್ ಅಲಗು ಮಸುಕು ಚಕ್ರವಾಗುವ ಜಾಗದಲ್ಲಿ ನಾನು ಮಾಡಿದ ಕೈಚಳಕ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ಕುತೂಹಲಕ್ಕೆ ಅದೇ ಮಾಡೆಲನ್ನು ಫ್ಲೈಟ್‌ಗಿಯರ್ ಎಂಬ ಇನ್ನೊಂದು ಸಿಮ್‌ಗೂ ಹಾಕಿ ನೋಡಿದೆ. ಆಕಾರ ಒಂದು ಗಂಟೆಯಲ್ಲಿ ಬಂತು. ಅನಿಮೇಷನ್ ಎಲ್ಲ ಎಕ್ಸ್‌ಎಂಎಲ್ ಎಂಬ ಪಠ್ಯ ಫೈಲ್‌ನಲ್ಲಿ ಮತ್ತೆ ಬರೀಬೇಕು ಅಂತ ಗೊತ್ತಾದಾಗ ಮುಚ್ಚಿಟ್ಟೆ.

ಈಗ ಹೊರಮೈ ಸುಮಾರು 60 ಸಾವಿರ ತ್ರಿಕೋನ (3ಡಿ ಆಕಾರ ಕಟ್ಟುವ ಸಣ್ಣ ತುಂಡುಗಳು), ಮುಂದಿನ ಕಾಕ್‌ಪಿಟ್ ಅದರ ಎರಡರಷ್ಟು ಇರಬಹುದು. ಬ್ಲೆಂಡರ್‌ಗೆ ಬಂದ ಮೇಲೆ ಮಾಡೆಲಿಂಗ್ ಸಾಫ್ಟ್‌ವೇರ್ ಖರ್ಚು ಸೊನ್ನೆ. ಹಿಂದಿನ ಸೀಟಿನ ಜಾಗ ಇನ್ನೂ ಖಾಲಿ ಡಬ್ಬ, ಅದಕ್ಕೇ ಆ ಕಡೆಯ ಸ್ಕ್ರೀನ್‌ಶಾಟ್ ಯಾರಿಗೂ ತೋರಿಸಿಲ್ಲ.