ಹಾಲ್ಟಿಯರ್‌ನಲ್ಲಿ ಅರ್ಧಕ್ಕೇ ನಿಲ್ಲುವ ಗೆರೆ

ಹಣ್ಣುನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಗುಂಡುಸೂಜಿ ತಲೆಯಂಥ ಪುಟ್ಟ ಅಂಗ, ಹಾಲ್ಟಿಯರ್. ಅದು ರೆಕ್ಕೆಯಾಗದಂತೆ ತಡೆಯುವ ಜೀನ್ ಅಲ್ಟ್ರಾಬೈಥೊರಾಕ್ಸ್, ಲ್ಯಾಬಿನ ಬಾಯಲ್ಲಿ ಯುಬಿಎಕ್ಸ್. ಇದರ ನಿಯಂತ್ರಕ ಭಾಗಗಳ ಮ್ಯುಟೇಶನ್‌ಗಳನ್ನು ಒಂದೇ ನೊಣದಲ್ಲಿ ಕೂಡಿಸಿ ನಾಲ್ಕು ರೆಕ್ಕೆ ಬರಿಸಿದ ಎಡ್ವರ್ಡ್ ಲೂಯಿಸ್ ಅವರಿಗೆ 1995ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ರೆಕ್ಕೆಯ ಡಿಸ್ಕ್‌ನಲ್ಲಿ, ಅಂದರೆ ಮರಿಹುಳುವಿನೊಳಗೆ ಮುಂದೆ ರೆಕ್ಕೆಯಾಗುವ ಕೋಶಗಳ ಚೀಲದಲ್ಲಿ, ವಿಂಗ್‌ಲೆಸ್ ಎಂಬ ಪ್ರೋಟೀನಿನ ಗೆರೆ ರೆಕ್ಕೆಯ ಅಂಚಾಗಲಿರುವ ಜಾಗದುದ್ದಕ್ಕೂ ಓಡುತ್ತದೆ. ಹಾಲ್ಟಿಯರ್ ಡಿಸ್ಕ್‌ನಲ್ಲಿ ಮುಂಭಾಗಕ್ಕೇ ನಿಲ್ಲುತ್ತದೆ, ಏಕೆಂದರೆ ಹಿಂಭಾಗದಲ್ಲಿ ಯುಬಿಎಕ್ಸ್ ಅದನ್ನು ಮುಚ್ಚಿಸಿರುತ್ತದೆ. ಯುಬಿಎಕ್ಸ್ ತಗ್ಗಿಸಿ ಈ ಗೆರೆ ಮುಂದುವರಿಯುತ್ತದೆಯೇ ಎಂದು ನೋಡಲು ನಾನು ಅನುಸರಿಸುವ ಕ್ರಮ ಇದು.

ನೊಣದ ಊಟ ಮೊದಲು. ಲೀಟರಿಗೆ ಜೋಳದ ಹಿಟ್ಟು 80 ಗ್ರಾಂ (ಮುಸುಕಿನ ಜೋಳ, ರೊಟ್ಟಿ ಜೋಳವಲ್ಲ), ಸಕ್ಕರೆ 40, ಗ್ಲೂಕೋಸ್ 20, ಯೀಸ್ಟ್ 15, ಅಗರ್ 8. ಪ್ರೊಪಿಯಾನಿಕ್ ಆಮ್ಲ 4 ಮಿಲಿ ಮತ್ತು ಎಥನಾಲ್‌ನಲ್ಲಿ ಕರಗಿಸಿದ ಮೀಥೈಲ್ ಪ್ಯಾರಬೆನ್ 1 ಗ್ರಾಂ, ಎರಡನ್ನೂ ಗಂಜಿ 60 ಡಿಗ್ರಿಗೆ ಇಳಿದ ಮೇಲೇ ಹಾಕಬೇಕು. ಕುದಿಯುವಾಗ ಸುರಿದರೆ ಆಮ್ಲ ಹಾರಿಹೋಗಿ ವಾರದೊಳಗೆ ಬೂಷ್ಟು. ಗಂಜಿ ಸುರಿದು ತಣಿಯಲಿಟ್ಟ ವೈಯಲ್‌ಗಳ (ಸಣ್ಣ ಸೀಸೆಗಳ) ಮೇಲೆ ಮಲ್‌ಮಲ್ ಬಟ್ಟೆ ಬಿಗಿಯಾಗಿರಲಿ. ಬೆಂಗಳೂರಿನ ಮಾವಿನ ಕಾಲದಲ್ಲಿ ಎಲ್ಲಿಂದಲೋ ಬರುವ ಕಾಡುನೊಣ ಮೊಟ್ಟೆಯಿಟ್ಟು ಹೋಗಿರುತ್ತದೆ. ಅದರ ಹಾವಳಿ ಎಲ್ಲಿ ತಟ್ಟುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಕ್ರಾಸ್, ಅಂದರೆ ಜೋಡಿ ಕಟ್ಟುವುದು: ಹಿಂಭಾಗದಲ್ಲಷ್ಟೇ ಕೆಲಸ ಮಾಡುವ ಎಂಗ್ರೇಲ್ಡ್-ಗಾಲ್4 (ಯುಎಎಸ್ ಹೊತ್ತ ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್) ಮತ್ತು ಯುಎಎಸ್-ಜಿಎಫ್‌ಪಿ (ಆ ಸ್ವಿಚ್ ಬಿದ್ದಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್) ಇರುವ ಹೆಣ್ಣು 10, ಯುಬಿಎಕ್ಸ್ ಆರ್‌ಎನ್‌ಎಐ (ಅದೇ ಸ್ವಿಚ್‌ನಿಂದ ನಡೆದು ಯುಬಿಎಕ್ಸ್ ತಗ್ಗಿಸುವ ತುಣುಕು) ಜೊತೆ ಟಿಎಂ6ಬಿ, ಟಬ್ಬಿ ಬ್ಯಾಲೆನ್ಸರ್ (ಅದರ ಜೋಡಿಯಾಗಿರುವ, ಮರಿಯನ್ನು ಗಿಡ್ಡ ಮಾಡುವ ಗುರುತಿನ ಕ್ರೋಮೋಸೋಮ್) ಇರುವ ಗಂಡು 5. ಹುಟ್ಟುವ ಮರಿಹುಳುಗಳಲ್ಲಿ ಗಿಡ್ಡ-ದಪ್ಪನೆಯವು ಬ್ಯಾಲೆನ್ಸರ್ ಪಡೆದವು, ಅವೇ ಕಂಟ್ರೋಲ್, ಅಂದರೆ ಹೋಲಿಕೆಯ ಗುಂಪು. ಉದ್ದನೆಯವು ಆರ್‌ಎನ್‌ಎಐ ಹೊತ್ತವು. ಒಂದೇ ವೈಯಲ್, ಒಂದೇ ಊಟ, ಒಂದೇ ಶಾಖ. ಇದಕ್ಕಿಂತ ಒಳ್ಳೆಯ ಕಂಟ್ರೋಲ್ ನನಗೆ ಗೊತ್ತಿಲ್ಲ. ಆದರೆ ಕಾಡುನೊಣದ ಮರಿಯೂ ಉದ್ದವೇ, ಹಾಗಾಗಿ ಅದು ನೇರವಾಗಿ ಪ್ರಯೋಗದ ಗುಂಪಿಗೇ ಸೇರಿಕೊಳ್ಳುತ್ತದೆ. ಜಿಎಫ್‌ಪಿ ಹೊಳೆಯದ ಮರಿಯನ್ನು ಎಸೆಯಿರಿ. ವೈಯಲ್‌ನಲ್ಲಿ ನೂಕುನುಗ್ಗಲಾದರೆ ಎಲ್ಲವೂ ಬಡಕಲಾಗಿ ಗಿಡ್ಡ-ಉದ್ದ ತಿಳಿಯುವುದಿಲ್ಲ. ಹೆಣ್ಣುಗಳನ್ನು ದಿನಕ್ಕೊಮ್ಮೆ ಹೊಸ ವೈಯಲ್‌ಗೆ ಬದಲಿಸಿ.

ನಮ್ಮೂರಿನ ಹವೆ ನೊಣಕ್ಕೆ ಹೇಳಿಮಾಡಿಸಿದ್ದು ಅಂದುಕೊಂಡು ಕ್ರಾಸನ್ನು ಮೇಜಿನ ಮೇಲೆ ಬಿಡಬೇಡಿ. ಗಾಲ್4 18 ಡಿಗ್ರಿಯಲ್ಲಿ ಮಂದ, 29ರಲ್ಲಿ ಚುರುಕು. ಡಿಸೆಂಬರ್ ರಾತ್ರಿಯ ಫಲಿತಾಂಶ ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಮೊಟ್ಟೆ 25ರಲ್ಲಿ, ಆಮೇಲೆ 29ರ ಇನ್‌ಕ್ಯುಬೇಟರ್. 30 ದಾಟಿದರೆ ಗಂಡುಗಳು ಬಂಜೆಯಾಗತೊಡಗುತ್ತವೆ, ಆದ್ದರಿಂದ ಒಳಗೊಂದು ಥರ್ಮಾಮೀಟರ್ ಇಡಿ, ಡಿಸ್‌ಪ್ಲೇ ನಂಬಬೇಡಿ.

ವೈಯಲ್‌ನ ಗೋಡೆ ಹತ್ತುತ್ತಿರುವ ಮೂರನೇ ಹಂತದ ಮರಿಯನ್ನು ತಣ್ಣನೆಯ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ಅರ್ಧಕ್ಕೆ ಹರಿದು, ಮುಂದಿನ ಅರ್ಧವನ್ನು ಚಿಮಟದ ತುದಿಯ ಮೇಲೆ ಕಾಲುಚೀಲದಂತೆ ಒಳಗು ಹೊರಗು ಮಾಡಿ. ಕೊಬ್ಬು, ಕರುಳು ತೆಗೆಯಿರಿ. ಶ್ವಾಸನಾಳವನ್ನು ಮಾತ್ರ ಎಳೆಯಬೇಡಿ, ಡಿಸ್ಕ್‌ಗಳೂ ಕಿತ್ತು ಬರುತ್ತವೆ. ಅಂಗಾಂಶ ಕೆಡದಂತೆ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 20 ನಿಮಿಷ, 0.1% ಟ್ರೈಟಾನ್ (ಒಂದು ಡಿಟರ್ಜೆಂಟ್) ಇರುವ ಪಿಬಿಎಸ್‌ನಲ್ಲಿ 10 ನಿಮಿಷದಂತೆ ಮೂರು ತೊಳೆತ, ಬೇಡದ ಅಂಟುವಿಕೆ ತಡೆಯುವ ಬಿಎಸ್‌ಎ ಪ್ರೋಟೀನಿನಲ್ಲಿ ಒಂದು ಗಂಟೆ, ಪ್ರೈಮರಿಯಲ್ಲಿ (ಬೇಕಾದ ಪ್ರೋಟೀನಿಗೇ ಅಂಟುವ ಆಂಟಿಬಾಡಿ) 4 ಡಿಗ್ರಿಯಲ್ಲಿ ಇಡೀ ರಾತ್ರಿ. ಯುಬಿಎಕ್ಸ್‌ಗೆ ಎಫ್‌ಪಿ3.38, ವಿಂಗ್‌ಲೆಸ್‌ಗೆ 4ಡಿ4. ಎರಡೂ ಇಲಿಯದೇ ಆದ್ದರಿಂದ ಒಂದೇ ಟ್ಯೂಬಿಗೆ ಸುರಿದರೆ, ಪ್ರೈಮರಿಗೆ ಅಂಟಿ ಬಣ್ಣ ತೋರುವ ಸೆಕೆಂಡರಿ ಆಂಟಿಬಾಡಿಗೆ ಯಾವುದು ಯಾವುದೆಂದು ತಿಳಿಯದು. ಮರಿಗಳನ್ನು ಎರಡು ಪಾಲು ಮಾಡಿ.

ಬಿಡಿಸುವಾಗ ರೆಕ್ಕೆಯ ಡಿಸ್ಕನ್ನು ಎಸೆಯದೆ ಹಾಲ್ಟಿಯರ್ ಪಕ್ಕದಲ್ಲೇ ಅದೇ ಸ್ಲೈಡ್‌ಗೆ ಇಡಿ. ಹೊಸಬರು ಅಲ್ಲೂ ಯುಬಿಎಕ್ಸ್ ಕಂಡು ಗಾಬರಿಯಾಗುತ್ತಾರೆ: ದೂರ ದೂರ ಚದುರಿದ, ಗಾತ್ರದಲ್ಲಿ ದೊಡ್ಡ ನ್ಯೂಕ್ಲಿಯಸ್‌ಗಳು. ಅದು ಮೇಲಿನ ತೆಳುಪದರದ, ಅಂದರೆ ಪೆರಿಪೋಡಿಯಲ್ ಕೋಶಗಳ ಬಣ್ಣ. ಅಲ್ಲಿ ಯುಬಿಎಕ್ಸ್ ಇರುವುದೇ ಸರಿ. ಫೋಕಸ್ ಕೆಳಗಿಳಿಸಿದರೆ ರೆಕ್ಕೆಯ ಪದರ ಖಾಲಿ.

ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಲೇಸರ್, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಎರಡನ್ನೂ ಗಿಡ್ಡ ಮರಿಯ ಡಿಸ್ಕ್ ಮೇಲೆ ನಿಗದಿ ಮಾಡಿ, ಆಮೇಲೆ ಮುಟ್ಟಬೇಡಿ. ಜಿಎಫ್‌ಪಿ ಇರುವ ಭಾಗಕ್ಕೆ ವಿಂಗ್‌ಲೆಸ್ ಗೆರೆ ದಾಟಿದೆಯೇ ನೋಡಿ. ತುಂಡು ತುಂಡಾಗಿ ದಾಟಿದ್ದರೆ ಅದು ಆರ್‌ಎನ್‌ಎಐ ಪೂರ್ತಿ ಹಿಡಿಯದ ಲಕ್ಷಣ. ಇನ್ನೊಂದು ಟ್ಯೂಬಿನಲ್ಲಿ ಯುಬಿಎಕ್ಸ್ ಉಳಿದುಕೊಂಡ ತೇಪೆಗಳನ್ನು ಎಣಿಸಿದ ಮೇಲೆಯೇ ಆ ಗೆರೆಯ ಬಗ್ಗೆ ಮಾತು.